ನೀರಿನ ಮೇಷ್ಟ್ರ ಟೇಪುಗಳು

ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ಮಮ್ಮನ ದನಿಯನ್ನ ಯಾರೋ ಒರೆಸಿಹಾಕಿದ್ದಾರೆ" ಎಂದಳು.

ಹೆಡ್ ಕಾನ್‌ಸ್ಟೇಬಲ್ ಪೆನ್ನು ಹಿಡಿದವನು ಹಾಗೇ ತಲೆ ಎತ್ತಿದ. "ಕಳ್ಳತನ ಅಂತ ಬರ್ಕೊಳ್ಳಲಾ ಅಮ್ಮಾ?"

"ಕದ್ದಿದ್ರೆ ಹುಡುಕಬಹುದಿತ್ತಲ್ಲ."

ಇನ್ಸ್‌ಪೆಕ್ಟರ್ ಒಳಗಿನಿಂದ ಎದ್ದು ಬಂದರು. ವಿಚಾರಿಸಿದಾಗ ತಿಳಿದದ್ದು ಇಷ್ಟು. ಫಿನ್ನಿಷ್‌ನಂಥ ಭಾಷೆಗಳಿರುವ ಉರಾಲಿಕ್ ಕುಟುಂಬಕ್ಕೆ ಸೇರಿದ ಒಂದು ಪುಟ್ಟ ಭಾಷೆಯನ್ನು ಆಡುತ್ತಿದ್ದ ಕೊನೆಯ ಜೀವ, ಉತ್ತರದ ಚಳಿನಾಡಿನಿಂದ ಬಂದು ಇಲ್ಲಿ ನೆಲೆಸಿದ ಈಕೆಯ ತಾಯಿ. ಭಾಷಾ ಸಂಸ್ಥೆಯ ಹಿರಿಯ ಪ್ರಾಧ್ಯಾಪಕರು ವರ್ಷಗಟ್ಟಲೆ ಅವರ ಮನೆಗೆ ಹೋಗಿ ಮಾತನ್ನು ಟೇಪಿಗೆ ಇಳಿಸಿಕೊಂಡಿದ್ದರು. ಆದರೆ ತಾಯಿ ಮಗಳನ್ನು ಬೆಳೆಸಿದ್ದು ಇಲ್ಲಿನ ಶಾಲೆಯ ಭಾಷೆಯಲ್ಲಿ. ತಾಯಿನುಡಿಯ ಒಂದು ಮಾತೂ ಮಗಳಿಗೆ ಬಾರದು. ತಾಯಿ ತೀರಿಕೊಂಡ ಮೇಲೆ ಪ್ರತಿ ಸೋಮವಾರ ಸಂಸ್ಥೆಗೆ ಹೋಗಿ, ಹೆಡ್‌ಫೋನ್ ಹಾಕಿಕೊಂಡು, ವಾರಕ್ಕೊಂದು ಟೇಪಿನಂತೆ ಮೊದಲಿನಿಂದ ಕೇಳುತ್ತ ಬಂದಿದ್ದಳು. ಅರ್ಥವಾಗದಿದ್ದರೂ ದನಿ ಅಮ್ಮನದೇ ತಾನೆ? ಅಂದು ಟೇಪಿನಲ್ಲಿ ಬರೀ ಬುಸ್ಸೆನ್ನುವ ಸದ್ದು. ಅದರ ಮುಂದಿನದರಲ್ಲೂ ಅದೇ. ಎಲ್ಲವೂ ಖಾಲಿ.

ಎಫ್‌ಐಆರ್ ದಾಖಲಾಯಿತು.

"ಹಾನಿ ಏನಂತ ಬರೀಲಿ ಸಾರ್? ಟೇಪು ನೆಟ್ಟಗಿದೆ, ಒಳಗಿನದ್ದು ಮಾತ್ರ ಇಲ್ಲ."

"ಹಾಗೇ ಬರಿ."

ಮಧ್ಯಾಹ್ನ ಟೇಪು ಕೊಠಡಿಯಲ್ಲಿ ಪಂಚನಾಮೆ ನಡೆಯಿತು. ಕಬ್ಬಿಣದ ಕಪಾಟುಗಳು, ಕಂಬಿ ಹಾಕಿದ ಕಿಟಕಿ; ಬೀಗ ಒಡೆದಿರಲಿಲ್ಲ. ಆ ತಾಯಿಯ ಟೇಪುಗಳಿದ್ದ ಒಂದೇ ಸಾಲು ಖಾಲಿಯಾಗಿತ್ತು. ಮೇಲಿನ ಸಾಲು, ಕೆಳಗಿನ ಸಾಲು ಮಾತಾಡುತ್ತಿದ್ದವು. ಬಂದವನಿಗೆ ಬೇಕಾದದ್ದು ಎಲ್ಲಿದೆಯೆಂದು ಗೊತ್ತಿತ್ತು.

ಯಂತ್ರ ನೋಡಿಕೊಳ್ಳುವವನು ಬೀರುವಿನಿಂದ ಇಸ್ತ್ರಿ ಪೆಟ್ಟಿಗೆಯಂಥ ಒಂದು ಸಾಧನ ತೆಗೆದು ತೋರಿಸಿದ. "ಅಯಸ್ಕಾಂತ ಸಾರ್. ಟೇಪಿನ ಮೇಲೆ ಎರಡು ಸುತ್ತು ಆಡಿಸಿದ್ರೆ ಎಲ್ಲ ಸ್ವಾಹಾ."

"ತಿರುಗಿ ಬರೋದಿಲ್ವಾ?"

"ಬೂದೀನ ಮತ್ತೆ ಕಾಗದ ಮಾಡಕ್ಕಾಗುತ್ತಾ?"

"ಕಡೇ ಸಲ ಇದನ್ನ ತಗೊಂಡವರು ಯಾರು?"

"ನೀರಿನ ಮೇಷ್ಟ್ರು, ಈ ಟೇಪು ಮಾಡಿದ ಪ್ರೊಫೆಸರು. ಹಳೇ ಪಾಠದ ಟೇಪು ಒರೆಸ್ಕೋಬೇಕು ಅಂದ್ರು. ಅವರ ಮೇಲೆ ಅನುಮಾನ ಬೇಡಿ ಸಾರ್, ಈ ಟೇಪು ಅವರು ಹೆತ್ತ ಮಕ್ಕಳಿದ್ದ ಹಾಗೆ. ಬೇಕಿದ್ರೆ ಇಲ್ಲೇ ಪಾಠ ಮಾಡೋ ಸಾಲದ ಮೇಷ್ಟ್ರನ್ನ ಕೇಳಿ. ಇಬ್ಬರಿಗೂ ಎಣ್ಣೆ ಸೀಗೇಕಾಯಿ."

ಹೆಡ್ ಕಾನ್‌ಸ್ಟೇಬಲ್‌ನ ಕಿವಿ ನಿಮಿರಿತು. "ಬಡ್ಡಿ ವ್ಯವಹಾರಾನಾ?"

ಸಾಲದ ಮೇಷ್ಟ್ರು ಈ ಪ್ರಶ್ನೆಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಶಬ್ದದ ಸಾಲ ಕಣ್ರೀ. ಫಿನ್ನಿಷ್ ಭಾಷೇಲಿ ನೂರಕ್ಕೆ 'ಸತ' ಅಂತಾರೆ, ನಮ್ಮ ಸಂಸ್ಕೃತದ ಶತ. ಹೂವಿನ ಜೇನಿಗೆ 'ಮೆಸಿ', ನಮ್ಮ ಮಧು. ಸಾವಿರಾರು ವರ್ಷದ ಹಿಂದೆ ನೆರೆಹೊರೆಯವರಿಂದ ಹೋದದ್ದು. ಇದರಲ್ಲಿ ಯಾರದೂ ತಕರಾರಿಲ್ಲ. ಆದರೆ ನೀರು, ಹೆಸರು, ನಾನು, ನೀನು, ಇಂಥ ಶಬ್ದಗಳೂ ಎರಡು ಕಡೆ ಹೋಲುತ್ತವೆ. ನೀರಿಗೆ ಯಾರಾದ್ರೂ ಸಾಲ ಮಾಡ್ತಾರಾ, ಹಾಗಾಗಿ ಸಂಸ್ಕೃತ ಸೇರಿರೋ ಇಂಡೋ-ಯುರೋಪಿಯನ್ ಕುಟುಂಬವೂ ಉರಾಲಿಕ್ಕೂ ಒಂದೇ ತಾಯಿ ಮಕ್ಕಳು ಅಂತ ನೀರಿನ ಮೇಷ್ಟ್ರ ವಾದ."

"ನಮ್ಮ ಬೀದೀಲಿ ನೀರನ್ನೇ ಸಾಲ ತರೋದು" ಎಂದ ಹೆಡ್ ಕಾನ್‌ಸ್ಟೇಬಲ್.

"ನಾನೂ ಅದನ್ನೇ ಹೇಳೋದು! ಆ ಅಜ್ಜಿ ಬಾಯಲ್ಲಿ ಬೇರೆಲ್ಲೂ ಉಳಿಯದ ಹಳೇ ಶಬ್ದ ಸಿಕ್ಕಿವೆ, ಅವೇ ಸಾಕ್ಷಿ ಅಂತ ಪುಸ್ತಕ ಬರೆದರು. ತುಣುಕು ಕೇಳಿಸಿದರೇ ಹೊರತು ಪೂರ್ತಿ ಟೇಪು ಕೊಡಲಿಲ್ಲ. ಬಡಿದಾಡಿ ಈ ವಾರ ಕೇಳೋದಕ್ಕೆ ಒಪ್ಪಿಗೆ ತಗೊಂಡಿದ್ದೆ." ಅವರ ನಗು ಇಳಿಯಿತು. "ಈಗ ಅವರು ಸರಿ ಅಂತಲೂ ಹೇಳೋ ಹಾಗಿಲ್ಲ, ತಪ್ಪು ಅಂತಲೂ ಹೇಳೋ ಹಾಗಿಲ್ಲ."

ಇನ್ಸ್‌ಪೆಕ್ಟರ್ ಮರುದಿನ ಮಗಳ ಮನೆಗೆ ಹೋದರು. "ಕೇಳಿದಷ್ಟು ಟೇಪಲ್ಲಿ ಏನಿತ್ತು?"

"ನನಗೇನು ತಿಳಿಯುತ್ತೆ? ಮೇಷ್ಟ್ರ ದನೀನೇ ಜಾಸ್ತಿ. ಏನೋ ಕೇಳ್ತಾರೆ, ಅಮ್ಮ ಸುಮ್ಮನಿರ್ತಾಳೆ. ಅವರೇ ಒಂದು ಶಬ್ದ ಹೇಳ್ತಾರೆ. ಮತ್ತೆ ಹೇಳ್ತಾರೆ. ಆಮೇಲೆ ಅಮ್ಮ ಅದನ್ನೇ ಹೇಳ್ತಾಳೆ."

"ಅದನ್ನೇ?"

"ಹೂಂ. ಅಮ್ಮನ ಕಡೆಯವರಲ್ಲಿ ಮನೆಗೆ ಬಂದವರ ಮಾತಿಗೆ 'ಇಲ್ಲ' ಅನ್ನೋ ಪದ್ಧತಿ ಇರಲಿಲ್ಲ ಸಾರ್. ಅಷ್ಟು ದೂರ ಬಂದಿದ್ದಾರೆ, ಬೇಜಾರು ಮಾಡಬಾರದು ಅಂತ."

ಇನ್ಸ್‌ಪೆಕ್ಟರ್ ಅಲ್ಲಿಂದ ನೇರ ನೀರಿನ ಮೇಷ್ಟ್ರ ಮನೆಗೆ ಹೋದರು.

ನೀರಿನ ಮೇಷ್ಟ್ರು ಬಾಗಿಲು ತೆರೆದವರೇ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಒರೆಸಿದ್ದು ನೀವೇನಾ?"

"ಹೌದು."

"ಪುಸ್ತಕದಲ್ಲಿರೋ ಶಬ್ದ ಆಕೆ ಕೊಟ್ಟದ್ದಲ್ಲ. ನೀವು ಆಕೆಗೆ ಕೊಟ್ಟದ್ದು."

ಮುದುಕರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿಕೊಂಡರು. "ಆಗ ಹಾಗನ್ನಿಸಲಿಲ್ಲ. ಮರೆತಿದ್ದಾರೆ, ನೆನಪಿಸ್ತಿದ್ದೀನಿ ಅಂದುಕೊಂಡೆ. ಅವರ ಮನೆಯ ಮರ್ಯಾದೆ ನನಗೆ ಗೊತ್ತಾಗಿದ್ದು ಪುಸ್ತಕ ಬಂದ ಮೇಲೆ."

"ತಪ್ಪಾಯ್ತು ಅನ್ನಬಹುದಿತ್ತು."

"ಅನ್ನಬಹುದಿತ್ತು."

"ಎಲ್ಲವನ್ನೂ ಯಾಕೆ ಒರೆಸಿದ್ರಿ?"

"ನಾನೆಲ್ಲಿ ಹೇಳಿಕೊಟ್ಟೆ, ಅವರೆಲ್ಲಿ ತಾವಾಗಿ ಹೇಳಿದರು, ಕೂತು ಬೇರೆ ಮಾಡುವ ಧೈರ್ಯ ಬರಲಿಲ್ಲ."

ಮಂಗಳವಾರ ಸಂಜೆ ಐದಕ್ಕೆ ಬಂಧನ. ಠಾಣೆಯಲ್ಲಿ ಮಗಳು ಕಾದಿದ್ದಳು. ಇನ್ಸ್‌ಪೆಕ್ಟರ್ ಆಕೆಯನ್ನು ಹೊರಗೆ ಕಳಿಸಬೇಕಿತ್ತು, ಕಳಿಸಲಿಲ್ಲ. ಆ ಭಾಷೆ ಬಲ್ಲವರು ಉಳಿದಿದ್ದದ್ದು ಈ ಮುದುಕರೊಬ್ಬರೇ.

"ನಾನು ಕೇಳದ ಟೇಪುಗಳಲ್ಲಿ ನನ್ನ ವಿಷಯ ಏನಾದ್ರೂ ಹೇಳಿದ್ಲಾ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಕೊನೇದರಲ್ಲಿ ಹೇಳಿದರಮ್ಮ. ಮಗಳಿಗೆ ಕಲಿಸಲಿಲ್ಲ, ಅದೊಂದು ಸಂಕಟ ಅಂದರು." ಆಮೇಲೆ ಆ ಭಾಷೆಯಲ್ಲೇ ಎರಡು ಮಾತು ಆಡಿ, "ಹೀಗೆ ಅಂದರು" ಎಂದರು.

ಅವಳ ತುಟಿ ಆ ಮಾತನ್ನು ಹಿಡಿಯಲು ಹೊರಟಿತು, ನಡುವೆಯೇ ನಿಂತಿತು. ಅವಳು ಇನ್ಸ್‌ಪೆಕ್ಟರ್ ಕಡೆ ತಿರುಗಿದಳು.

"ಇದು ಅಮ್ಮ ಹೇಳಿದ್ದೇನಾ ಸಾರ್?"

ಇನ್ಸ್‌ಪೆಕ್ಟರ್ ಮೇಷ್ಟ್ರ ಮುಖ ನೋಡಿದರು. ಸುಳ್ಳು ಹೇಳುವವರ ಮುಖ ಅವರಿಗೆ ಗುರುತಿತ್ತು, ಇದು ಅಂಥದ್ದಲ್ಲ. ಆದರೆ ಹಿಂದೆ ಆ ಮನೆಯಲ್ಲಿ ಕೂತು ಶಬ್ದ ಹೇಳಿಕೊಟ್ಟಾಗಲೂ ಈ ಮನುಷ್ಯ ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಿರಲಿಲ್ಲ.

"ಗೊತ್ತಿಲ್ಲಮ್ಮ" ಎಂದರು.

ಆರೋಪಿಯ ಹೇಳಿಕೆ ಎರಡು ಪುಟವಾಯಿತು. ಹೆಸರು ಕೆಡುವ ಭಯದಿಂದ ಮಾಡಿದೆ ಎಂದು ಅದರಲ್ಲಿದೆ. ಅಂಕಿತ ಹಾಕುವ ಮುನ್ನ ಅವರು ಇನ್ನೊಂದು ಮಾತು ಸೇರಿಸಲು ಕೇಳಿಕೊಂಡರು: ಎರಡು ಭಾಷಾ ಕುಟುಂಬಗಳೂ ಒಂದೇ ತಾಯಿಯ ಮಕ್ಕಳೆಂದು ತಾವು ಈಗಲೂ ನಂಬಿರುವುದಾಗಿ. ಪ್ರಕರಣಕ್ಕೆ ಸಂಬಂಧವಿಲ್ಲದ ಮಾತೆಂದು ಹೆಡ್ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟ. ಇನ್ಸ್‌ಪೆಕ್ಟರ್ ಬರೆದುಕೊಳ್ಳಲು ಹೇಳಿದರು.