ಕರಿ ದಾಸವಾಳದ ಕಡ್ಡಿ

ಬಹಳ ಹಿಂದೆ, ಕುದುರೆಗಳಿಗೆ ಇನ್ನೂ ರೆಕ್ಕೆಗಳಿದ್ದ ಕಾಲದಲ್ಲಿ, ಮಂದಾರಪುರವೆಂಬ ರಾಜ್ಯದಲ್ಲಿ ಒಬ್ಬ ರಾಜನೂ ಒಂದು ತೋಟಗಾರರ ಸಂಘವೂ ಇದ್ದರು. ರಾಜ್ಯ ನಡೆಯುವುದು ತಮ್ಮಿಂದಲೇ ಎಂದು ಸಂಘದವರು ನಂಬಿದ್ದರು. ರಾಜನಿಗೆ ಇದು ಗೊತ್ತಿರಲಿಲ್ಲವಾದ್ದರಿಂದ ಜಗಳವಿರಲಿಲ್ಲ.

ಸಂಘ ಪ್ರತಿ ಬುಧವಾರ ಹೊಂಗೆಮರದ ಕೆಳಗೆ ಸೇರಿ ಗೊಬ್ಬರದ ಬಗ್ಗೆ ಮಾತಾಡುತ್ತಿತ್ತು. ಅಧ್ಯಕ್ಷ ಗುಳ್ಳಪ್ಪನದು ಕುರಿಗೊಬ್ಬರದ ಪಕ್ಷ, ಉಳಿದವರದು ಸಗಣಿಯ ಪಕ್ಷ. ಸಂಘಕ್ಕಿದ್ದದ್ದು ಒಂದೇ ನಿಯಮ. ಬೇರೆಯವರ ಹೂ ಕೀಳುವುದು ಕಳ್ಳತನ. ಬೇರೆಯವರ ಗಿಡದ ಕಡ್ಡಿ ಮುರಿದು ಸೆರಗಿನಲ್ಲಿ ಕಟ್ಟಿಕೊಳ್ಳುವುದು ಸ್ನೇಹ. ಕೇಳದೆ ತಂದ ಕಡ್ಡಿ ಬೇಗ ಚಿಗುರುತ್ತದೆ ಎಂಬುದನ್ನು ಎರಡು ಪಕ್ಷಗಳೂ ಒಪ್ಪಿದ್ದವು.

ಹೊನ್ನಕ್ಕ ಎಂಬ ಸದಸ್ಯೆ ಮಾತ್ರ ಒಂದು ಗಿಡವನ್ನು ಈ ಸ್ನೇಹದಿಂದ ಕಾಪಾಡಿಕೊಂಡು ಬಂದಿದ್ದಳು. ಅದು ಅವಳ ಅತ್ತೆ ಬಿಟ್ಟುಹೋದ, ತಾಮ್ರದ ಬಣ್ಣದ ಸೇವಂತಿಗೆ. ಅಂಥದ್ದು ಇಡೀ ರಾಜ್ಯದಲ್ಲಿ ಇನ್ನೊಂದಿರಲಿಲ್ಲ. ಅದಕ್ಕೆ ಬೇಲಿ ಕಟ್ಟಿ, ಬೇಲಿಗೆ ಬೀಗ ಹಾಕಿದ್ದಳು.

ಹೀಗಿರುವಾಗ ರಾಜಕುಮಾರ ಜಯಕೇತ ಒಂದು ಮುಂಜಾನೆ ರೆಕ್ಕೆಯ ಕುದುರೆ ಏರಿ ಹೋಗುತ್ತಾ, ಮಾಂತ್ರಿಕ ಧೂಮಕೇಶನ ಗುಡ್ಡದ ಮೇಲೆ ಕರಿ ದಾಸವಾಳ ಅರಳಿದ್ದು ಕಂಡು, ಬಗ್ಗಿ ಕಿತ್ತುಕೊಂಡ. ಧೂಮಕೇಶನ ಪ್ರಾಣ ಆ ಗಿಡದಲ್ಲಿತ್ತು. ಆ ಕಾಲದ ಮಾಂತ್ರಿಕರು ಪ್ರಾಣವನ್ನು ಮೈಯಲ್ಲಿಟ್ಟುಕೊಳ್ಳುತ್ತಿರಲಿಲ್ಲ. ಅವನು ರಾಜಕುಮಾರನನ್ನು ಬಸವನಹುಳು ಮಾಡಿ ಊರ ಕಡೆಗೆ ಎಸೆದ.

"ಹುಳು ಮಾಡಿದ್ದು ತಪ್ಪೇ," ಎಂದ ಗುಳ್ಳಪ್ಪ ಸಭೆಯಲ್ಲಿ. "ಆದರೆ ಹೂ ಕಿತ್ತಿದ್ದಕ್ಕೆ ಏನನ್ನಬೇಕು?" ಸಭೆ ಮತ್ತೆ ಗೊಬ್ಬರದ ವಿಷಯಕ್ಕೆ ಹೊರಳಿತು.

ಸೇನಾಪತಿ ಸೈನ್ಯದೊಂದಿಗೆ ಗುಡ್ಡ ಹತ್ತಿದ. ಎಲ್ಲರೂ ಬಸವನಹುಳುಗಳಾಗಿ ಇಳಿದುಬಂದರು. ಆಗ ರಾಜ ಡಂಗುರ ಹೊಡೆಸಿದ: "ಯಾವ ಹುಳು ಯುವರಾಜರೋ, ಯಾವುದು ಸೇನಾಪತಿಯೋ ತಿಳಿಯದು. ಇನ್ನು ಮುಂದೆ ಯಾರೂ ಬಸವನಹುಳುವಿಗೆ ಉಪ್ಪು ಹಾಕಬಾರದು, ಎತ್ತಿ ಎಸೆಯಬಾರದು. ಕಂಡಲ್ಲಿ ಕೈ ಮುಗಿಯಬೇಕು."

ಹುಳುಗಳು, ಅರಮನೆಯವೂ ಸಾಮಾನ್ಯವೂ, ಹರಿವೆ ತಿಂದವು, ಕೊತ್ತಂಬರಿ ತಿಂದವು, ಬದನೆ ಸಸಿ ತಿಂದವು. ಸಂಘದವರು ಕೈ ಮುಗಿದು ನಿಂತು ನೋಡಿದರು. ಒಂದು ಬೆಳಿಗ್ಗೆ ಹೊನ್ನಕ್ಕ ಬೀಗ ತೆಗೆದರೆ, ಸೇವಂತಿಗೆಯಲ್ಲಿ ಒಂದು ಚಿಗುರು, ನಾಲ್ಕಾರು ಎಲೆ ಉಳಿದಿದ್ದವು. ಎಲೆಯ ಮೇಲೆ ದಪ್ಪನೆಯ ಹುಳುವೊಂದು ಊಟ ಮಾಡುತ್ತಿತ್ತು. ಹೊನ್ನಕ್ಕ ಕೈ ಮುಗಿದಳು. ಆಮೇಲೆ ಚೀಲ, ಕತ್ತರಿ ಹಿಡಿದು ಅರಮನೆಗೆ ಹೋಗಿ, ಗುಡ್ಡಕ್ಕೆ ತಾನು ಹೋಗುವುದಾಗಿ ಹೇಳಿದಳು.

"ಆ ಮಾಂತ್ರಿಕನ ಗಿಡವನ್ನು ಬೇರುಸಹಿತ ಕಿತ್ತು ಬಾ," ಎಂದ ರಾಜ. "ಅರ್ಧ ರಾಜ್ಯ ಕೊಡುತ್ತೇನೆ."

"ಅರ್ಧ ರಾಜ್ಯಕ್ಕೆ ನೀರು ಹಾಕೋರು ಯಾರು ಬುದ್ಧೀ? ನನ್ನ ಸೇವಂತಿಗೆ ಉಳಿದರೆ ಸಾಕು."

ಗುಡ್ಡದ ಬುಡದಲ್ಲಿ ಬೆಂಕಿಕೊಂಬಿನ ಕೋಣ ಅಡ್ಡ ಬಂತು. "ಸಾಯೋಕೆ ಬಂದೆಯಾ?" ಎಂದು ಗುಟುರು ಹಾಕಿತು.

"ಇಲ್ಲಪ್ಪ. ಈ ಸಗಣಿ ಯಾರದ್ದು, ನಿಂದೇನಾ? ಎಷ್ಟು ಚೆನ್ನಾಗಿ ಕಳಿತಿದೆ! ಒಂದು ಚೀಲ ತಗೊಳ್ಳಲಾ?"

ಕೋಣವನ್ನು ಅದುವರೆಗೆ ಯಾರೂ ಹೊಗಳಿರಲಿಲ್ಲ. ಅದು ನಾಚಿ ಪಕ್ಕಕ್ಕೆ ಸರಿಯಿತು.

ನಡುದಾರಿಯಲ್ಲಿ ಮಾತಾಡುವ ಮುಳ್ಳುಬೇಲಿ ಸುತ್ತಿಕೊಂಡಿತು. "ಸಾಯೋಕೆ ಬಂದೆಯಾ?"

"ಇಲ್ಲಮ್ಮ. ನಿನ್ನ ತಲೆ ಕತ್ತರಿಸಿ ಎಷ್ಟು ವರ್ಷ ಆಯ್ತು? ಒಳಗೆಲ್ಲ ಒಣಗಿದೆ, ಗಾಳಿನೇ ಆಡ್ತಿಲ್ಲ." ಹೊನ್ನಕ್ಕ ಒಣಗಿದ್ದನ್ನೆಲ್ಲ ಕತ್ತರಿಸಿದಳು. ಬೇಲಿ ಹಾಯಾಗಿ ನಿಟ್ಟುಸಿರು ಬಿಟ್ಟು ದಾರಿ ಕೊಟ್ಟಿತು.

ಬಾಗಿಲಲ್ಲಿ ಕಾವಲಿನ ಭೂತ ಕೂತಿತ್ತು. "ಸಾಯೋಕೆ ಬಂದೆಯಾ?"

"ಇಲ್ಲಪ್ಪ. ಆ ಕರಿಬೇವು ಯಾಕೆ ಹಾಗೆ ಸೊರಗಿದೆ?"

ಭೂತದ ಮುಖ ಬಾಡಿತು. "ಏನು ಮಾಡಿದ್ರೂ ಏಳ್ತಿಲ್ಲ ಅಕ್ಕಾ. ರಕ್ತ ಕೂಡ ಹಾಕಿದೆ."

"ರಕ್ತ ಯಾರಾದ್ರೂ ಹಾಕ್ತಾರಾ? ಹುಳಿ ಮಜ್ಜಿಗೆ ಹಾಕು." ಭೂತ ಮಜ್ಜಿಗೆ ಹುಡುಕಲು ಓಡಿತು.

ಒಳಗೆ ಕರಿ ದಾಸವಾಳ ಅಡ್ಡಾದಿಡ್ಡಿ ಬೆಳೆದು, ಮೈತುಂಬ ಬಿಳಿ ಹುಳ ಹತ್ತಿಸಿಕೊಂಡು ನಿಂತಿತ್ತು. ಧೂಮಕೇಶ ಕೆಮ್ಮುತ್ತ ಬಂದು ಮಂತ್ರದ ಕೋಲು ಎತ್ತಿದ. ಹೊನ್ನಕ್ಕನ ಕತ್ತರಿ ಗಿಡದ ಬುಡದಲ್ಲಿತ್ತು. ಅವನು ಕೋಲು ಇಳಿಸಿದ.

ಒಂದು ಸಲ ಕತ್ತರಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಗಿಡದಲ್ಲಿ ಮೊಗ್ಗಿತ್ತು. ಮೊಗ್ಗಿರುವ ಗಿಡವನ್ನು ಸಂಘದವರು ಕೀಳುವುದಿಲ್ಲ.

"ಹುಳು ಮಾಡಿದವರನ್ನ ಮನುಷ್ಯರು ಮಾಡು," ಎಂದಳು.

"ಆಗಲ್ಲ. ಹೂ ಕಿತ್ತಿದ್ದಾನೆ."

ಹೊನ್ನಕ್ಕ ಕತ್ತರಿಯನ್ನು ಬುಡದಿಂದ ರೆಂಬೆಗೆ ಎತ್ತಿದಳು. "ಎಲ್ಲಾ ಪ್ರಾಣನೂ ಒಂದೇ ಗಿಡದಲ್ಲಿ ಇಟ್ಟಿದ್ದೀಯಲ್ಲ, ಬುದ್ಧಿ ಇದೆಯಾ? ಒಂದು ಹುಳು ಬಿದ್ದರೆ ಹೋಯ್ತು," ಎಂದು ಬೈಯುತ್ತಾ ಹುಳ ತೊಳೆದಳು, ಅಡ್ಡ ರೆಂಬೆ ಕತ್ತರಿಸಿದಳು. ಬೈಯುವ ನಡುವೆ ಅವಳಿಗೆ ತನ್ನ ಬೀಗದ ನೆನಪಾಯಿತು. ಧೂಮಕೇಶನ ಕೆಮ್ಮು ನಿಂತಿತು. ಅವಳು ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸೆರಗಿಗೆ ಕಟ್ಟಿದ್ದನ್ನು ಕಂಡು, ಕಸ ಹೊರಗೆ ಹಾಕುತ್ತಿದ್ದಾಳೆ ಎಂದುಕೊಂಡ.

ಅಂದೇ ಸಂಘದವರು ಊರಿನ ಪ್ರತಿ ಮನೆಯ ಕುಂಡದಲ್ಲೂ ಒಂದೊಂದು ಕಡ್ಡಿ ಊರಿದರು. ಮಾಂತ್ರಿಕನ ಗಿಡವಾದ್ದರಿಂದ ಮರುದಿನವೇ ಚಿಗುರಿತು. ಕೇಳದೆ ತಂದದ್ದರಿಂದ ಎಂದು ಸಂಘದ ಅಭಿಪ್ರಾಯ.

ಅತ್ತ ಧೂಮಕೇಶನಿಗೆ ಇದ್ದಕ್ಕಿದ್ದಂತೆ ಬಾಯಾರಿತು, ಚಳಿಯಾಯಿತು, ಎದೆ ಉರಿಯಿತು. ಎದೆಯುರಿ ಗುಳ್ಳಪ್ಪನ ಕುರಿಗೊಬ್ಬರದ್ದು. ಜೊತೆಗೆ ಯಾರೋ ಕಿವಿ ಕಡಿಯುತ್ತಿದ್ದಂತಿತ್ತು. ಅವನು ಓಡುತ್ತ ಊರಿಗೆ ಬಂದ.

"ನನ್ನ ಪ್ರಾಣ ವಾಪಸ್ ಕೊಡಿ!"

"ಬೇರು ಬಿಟ್ಟಿದೆ. ಈಗ ಕೀಳಬಾರದು," ಎಂದ ಗುಳ್ಳಪ್ಪ.

ಧೂಮಕೇಶ ಕುಂಡ ನೋಡಿದ. ಎಳೆ ಚಿಗುರಿನ ಮೇಲೆ ಬಸವನಹುಳು ಕೂತು ತಿನ್ನುತ್ತಿತ್ತು. "ಅಯ್ಯೋ, ಎತ್ತಿ ಎಸೆಯೋ!"

"ಹೇಗೆ ಎಸೀಲಿ ಸ್ವಾಮಿ? ಸೇನಾಪತಿಗಳಿದ್ರೂ ಇರಬಹುದು," ಎಂದು ಗುಳ್ಳಪ್ಪ ಹುಳುವಿಗೆ ಕೈ ಮುಗಿದ. ಸಂಘದವರೆಲ್ಲ ಕೈ ಮುಗಿದರು.

ಹುಳು ಇನ್ನೊಂದು ಎಲೆಗೆ ಬಾಯಿ ಹಾಕಿತು. ಧೂಮಕೇಶ ಮಂತ್ರ ಹೇಳಿದ.

ಸೇನಾಪತಿ ಗುಳ್ಳಪ್ಪನ ಜಗಲಿಯ ಮೇಲೆ ಎಲೆ ಜಗಿಯುತ್ತ ಪ್ರತ್ಯಕ್ಷನಾದ. ರಾಜಕುಮಾರ ಹೊನ್ನಕ್ಕನ ಬೇಲಿಯೊಳಗೆ ಕುಕ್ಕುರುಗಾಲಲ್ಲಿ ಸಿಕ್ಕಿದ. "ಸ್ವಲ್ಪ ಕಹಿ," ಎಂದ ಸೇವಂತಿಗೆಯ ಬಗ್ಗೆ. ಚಿಗುರೊಂದು ಉಳಿದಿತ್ತು. ಕಾನೂನು ರದ್ದಾಯಿತು. ಉಳಿದ ಹುಳುಗಳನ್ನು ಸಂಘದವರು ಯಾವ ಗೌರವವೂ ಇಲ್ಲದೆ ಆರಿಸಿ ಎಸೆದರು.

ಧೂಮಕೇಶನ ಪ್ರಾಣ ಊರಿನ ಎಲ್ಲ ಕುಂಡಗಳಲ್ಲಿ ಇದ್ದುದರಿಂದ, ಅವನು ಊರಿನವರೆಲ್ಲರೊಡನೆ ಚೆನ್ನಾಗಿರಬೇಕಾಯಿತು. ಯಾರಾದರೂ ಪರ ಊರಿಗೆ ಹೋದರೆ ಅವರ ಮನೆಯ ಗಿಡಗಳಿಗೆ ನೀರು ಹಾಕಿದ. ಬುಧವಾರದ ಸಭೆಗೆ ಬಂದ, ಸಗಣಿಯ ಪಕ್ಷ ಸೇರಿದ.

ಸೇವಂತಿಗೆ ಮತ್ತೆ ಪೊದೆಯಾಗಿ ಬೆಳೆಯಿತು. ಒಂದು ಬುಧವಾರ ಹೊನ್ನಕ್ಕ ಸಭೆಯನ್ನು ತನ್ನ ಮನೆಗೆ ಕರೆದಳು. ಬೇಲಿಯ ಬೀಗ ತೆಗೆದಳು. ಆಮೇಲೆ ಎಲ್ಲರಿಗೂ ಬೆನ್ನು ಮಾಡಿ, ಬಾವಿಯಲ್ಲಿ ನೀರು ಎಷ್ಟಿದೆ ಎಂದು ಬಹಳ ಹೊತ್ತು ಬಗ್ಗಿ ನೋಡಿದಳು. ತಿರುಗಿದಾಗ ಎಲ್ಲರ ಸೆರಗು, ಪಂಚೆಯ ಮಡಿಲು ಉಬ್ಬಿದ್ದವು. ಧೂಮಕೇಶನ ನಿಲುವಂಗಿಯೂ ಉಬ್ಬಿತ್ತು. ಯಾರೂ ಏನನ್ನೂ ನೋಡಲಿಲ್ಲ.

ಮುಂದಿನ ಚಳಿಗಾಲದಲ್ಲಿ ಮಂದಾರಪುರವೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿತು, ಎಲ್ಲರೂ ನೆಮ್ಮದಿಯಿಂದ ಬಾಳಿದರು. ಗೊಬ್ಬರದ ಪ್ರಶ್ನೆಯೊಂದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.