ಸಮತಾಳ ಸೈಕಲ್ ಮಾರಿದ್ದು ಯಾರು?

ಗೇಟು ತೆಗೆದು ಬರುವ ಸೌಜನ್ಯವೂ ಅವನಿಗಿರಲಿಲ್ಲ. ಒದ್ದ.

ವಿನೋಬನಗರದ ಆ ಪುಟ್ಟ ಮನೆಯ ಅಂಗಳದಲ್ಲಿ ಸಾಲಾಗಿ ನಿಂತಿದ್ದ ಹಳೇ ಸೈಕಲ್‌ಗಳು ಒಂದರ ಮೇಲೊಂದು ಬಿದ್ದವು. ಪಂಕ್ಚರ್ ಹಾಕುತ್ತ ಕೂತಿದ್ದ ಶಾಂಭವಿ ತಲೆಯೆತ್ತುವಷ್ಟರಲ್ಲಿ, ಆ ಅಪರಿಚಿತ ಹೊಸದಾಗಿ ಕೆಂಪು ಬಣ್ಣ ಹೊಡೆದ ಲೇಡೀಸ್ ಸೈಕಲ್ಲನ್ನು ಎತ್ತಿ ಬೋರಲು ಹಾಕಿದ್ದ. ಸೀಟಿನ ಕೆಳಗಿನ ಬೆಸುಗೆಯ ಗುರುತಿನ ಮೇಲೆ ಅವನ ಹೆಬ್ಬೆರಳು ಮೆಲ್ಲಗೆ ಸವರಾಡುತ್ತಿತ್ತು.

"ಇದು ನನ್ನ ಕೈಯ ವೆಲ್ಡಿಂಗು, ಮೊಬೈಲ್ ಫೋಟೋದಲ್ಲೇ ಗುರುತು ಹಿಡಿದೆ. ನನ್ನ ತಂಗಿ ಸೈಕಲ್ಲು. ಎಲ್ಲಿಂದ ಕದ್ದೆ?"

"ಕದ್ದಿಲ್ಲ. ದುಡ್ಡು ಕೊಟ್ಟು ತಗೊಂಡಿದ್ದು."

"ಯಾರ ಹತ್ರ?"

ಶಾಂಭವಿ ಬಿದ್ದ ಸೈಕಲ್ಲೊಂದನ್ನು ಎತ್ತಿ ನಿಲ್ಲಿಸಿದಳು.

"ಹ್ಯಾಂಡಲ್ ಬೇರೆಯವರದ್ದು, ಚಕ್ರ ಬೇರೆಯವರದ್ದು, ಬಣ್ಣ ಹೊಸದು... ಕಳ್ಳರು ಮಾಡೋದೇ ಹಿಂಗೆ. ಬಾಯಿ ಬಿಡು. ಯಾರು ಕೊಟ್ಟಿದ್ದು?"

"ಹೇಳಲ್ಲ."

ಅಷ್ಟೇ ಸಾಕಾಯಿತು ಅವನಿಗೆ. ಗೋಡೆಗೊರಗಿಸಿದ್ದ ಕಬ್ಬಿಣದ ಪೈಪು ಅವನ ಕೈಗೆ ಬಂತು. ಮೊದಲ ಏಟಿಗೆ ಒಂದು ಚಕ್ರದ ಕಡ್ಡಿಗಳು ಮುರಿದವು. ಎರಡನೆಯದಕ್ಕೆ ಇನ್ನೊಂದು ಸೈಕಲ್ಲಿನ ರಿಮ್ಮು ಬಾಗಿತು. ಒಳಗಿನಿಂದ ಅವಳ ಅಮ್ಮ ಶಂಕರಮ್ಮ ಚೀರುತ್ತ ಓಡಿ ಬಂದರು. ಶಾಂಭವಿ ಅಡ್ಡ ನಿಂತಾಗ ಅವನ ಕೈ ಅವಳ ಮೇಲೂ ಎದ್ದಿತು.

ಆ ಕೈ ಇಳಿಯುವ ಮೊದಲೇ ಅವಳ ಸ್ಪ್ಯಾನರ್ ಅವನ ಹುಬ್ಬಿಗೆ ಬಿತ್ತು.

ರಕ್ತ ಕಣ್ಣಿಗಿಳಿಯಿತು. ಅವನು ಒರೆಸಿಕೊಳ್ಳಲಿಲ್ಲ. ಮೊಬೈಲ್ ತೆಗೆದು ಅವಳ ಮುಖವನ್ನೂ ಅಂಗಳವನ್ನೂ ವಿಡಿಯೋ ಮಾಡಿಕೊಂಡ.

"ಈ ಊರಲ್ಲಿ ಇನ್ನೊಂದು ಸೈಕಲ್ ಹೆಂಗೆ ಮಾರ್ತೀಯೋ ನೋಡ್ತೀನಿ" ಎಂದು ಹೇಳಿ ಹೊರಟೇ ಹೋದ.

ಇದು ಅವರ ಮೊದಲ ಭೇಟಿ ಮಾರಾಯ್ರೇ. ಇಂಥದ್ದರಿಂದ ಪ್ರೀತಿ ಹುಟ್ಟುತ್ತದೆಂದು ಅವತ್ತು ಯಾರಾದರೂ ಹೇಳಿದ್ದರೆ ಶಂಕರಮ್ಮ ಅವರಿಗೂ ಪೊರಕೆ ತೋರಿಸುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ತಾಯಿ ಮಗಳು ಉಂಡದ್ದೆಲ್ಲ ಈ ಅಂಗಳದ ದುಡಿಮೆಯಿಂದ. ಶಾಂಭವಿ ಹಳೇ ಸೈಕಲ್ ಕೊಂಡು, ರಿಪೇರಿ ಮಾಡಿ, ಮೊಬೈಲಿನಲ್ಲಿ ಫೋಟೋ ಹಾಕಿ ಮಾರುತ್ತಿದ್ದಳು. ಅವಳ ಕೆಲಸಕ್ಕೊಂದು ಪದ್ಧತಿಯಿತ್ತು. ಸತ್ತವರ ಸೈಕಲ್ಲನ್ನು ಮನೆಯವರು ಬೇಗ ಸಾಗಹಾಕುತ್ತಾರೆ, ಆದರೆ ಗೊತ್ತಿದ್ದೂ ಕೊಳ್ಳುವವರು ಯಾರೂ ಇಲ್ಲ. ಅಪಶಕುನವಂತೆ. ಹಾಗಾಗಿ ಅಂಥ ಸೈಕಲ್ ಬಂದರೆ ಪೂರ್ತಿ ಬಿಚ್ಚುವಳು. ಒಂದರ ಹ್ಯಾಂಡಲ್ ಇನ್ನೊಂದಕ್ಕೆ, ಇನ್ನೊಂದರ ಚಕ್ರ ಇದಕ್ಕೆ ಹಾಕಿ ಹೊಸ ಬಣ್ಣ ಹೊಡೆಯುವಳು. ಕೊಟ್ಟವರು ಯಾರೆಂದು ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಈ ಸೈಕಲ್ ಕೊಟ್ಟಿದ್ದು ಭದ್ರಾವತಿಯ ಹೂವಮ್ಮ. ಬಂದವನ ಹೆತ್ತ ತಾಯಿ.

"ಮಗಳನ್ನ ಲಾರಿ ತಿಂತು ತಾಯಿ" ಎಂದಿದ್ದರು ಹೂವಮ್ಮ. "ಮುರಿದ ಸೈಕಲ್ನ ನನ್ನ ಮಗ ತ್ರಿವಿಕ್ರಮ ಬೆಸೆದು ನಡುಮನೇಲಿ ಇಟ್ಟವ್ನೆ. ದಿನಾ ಅದರ ಪಕ್ಕ ತಂಗಿ ಸಮತಾಗೆ ಅಂತ ತಟ್ಟೆ ಹಾಕ್ತಾನೆ. ಕೆಲಸಕ್ಕೂ ಹೋಗಲ್ಲ. ಮಗಳಂತೂ ಹೋದ್ಲು, ಮಗನ್ನಾದ್ರೂ ಉಳಿಸಿಕೊಳ್ಳಬೇಕಲ್ಲ? ಕಳ್ಳರು ಒಯ್ದರು ಅಂತೀನಿ. ನಾನೇ ಕೊಟ್ಟೆ ಅಂತ ಗೊತ್ತಾದ್ರೆ ಅವನು ನನ್ನ ಮುಖ ನೋಡಲ್ಲ. ಹೇಳಬೇಡ ತಾಯಿ."

ಶಾಂಭವಿ ಮಾತು ಕೊಟ್ಟಿದ್ದಳು. ಆ ಮಾತಿಗೆ ಈಗ ಅವಳ ಅನ್ನವೇ ಅಡವಾಗಿತ್ತು.

ವಿಡಿಯೋ ಊರೆಲ್ಲ ಸುತ್ತಿತು. 'ವಿನೋಬನಗರದ ಸೈಕಲ್ ಕಳ್ಳಿ'... ಮುಂಗಡ ಕೊಟ್ಟವರು ವಾಪಸ್ ಕೇಳಿದರು. ಯಾರೋ ಎಸೆದ ಕಲ್ಲು ಕಿಟಕಿ ಒಡೆದು ಶಂಕರಮ್ಮನ ಮೊಣಕೈ ಸೀಳಿತು.

"ಹೇಳಿಬಿಡೇ ಶಾಂಭವಿ" ಎಂದು ಅಮ್ಮ ಅತ್ತರು. "ಯಾರದ್ದೋ ಮನೆ ಗುಟ್ಟಿಗೆ ನಾವ್ಯಾಕೆ ಸಾಯಬೇಕು?"

ಶಾಂಭವಿ ಗಾಯಕ್ಕೆ ಬಟ್ಟೆ ಕಟ್ಟಿದಳು. 'ಹೇಳಿದರೆ ನಾನು ಬಚಾವು. ಆದರೆ ಆ ತಾಯಿಗೆ ಉಳಿದಿರುವುದು ಅವನೊಬ್ಬನೇ. ಅವನೂ ಎದ್ದು ಹೋದರೆ...?' ಅವನ ಮೇಲೆ ಅವಳಿಗೆ ಕೆಂಡದಂಥ ಸಿಟ್ಟಿತ್ತು. ಆ ಬೆಸುಗೆಯನ್ನು ಸವರುತ್ತಿದ್ದ ಅವನ ಹೆಬ್ಬೆರಳು ಮಾತ್ರ ಕಣ್ಣಿಂದ ಹೋಗುತ್ತಿರಲಿಲ್ಲ. ಅದಕ್ಕಾಗಿ ತನ್ನ ಮೇಲೇ ಸಿಟ್ಟು ಬಂತು.

ಅತ್ತ ಭದ್ರಾವತಿಯಲ್ಲಿ ಹೂವಮ್ಮ ಆ ವಿಡಿಯೋ ನೋಡಿದರು. ನೋಡಿದವರೇ ಮಗನ ಕೆನ್ನೆಗೆ ಬಾರಿಸಿದರು.

"ನಾನು ಕೊಟ್ಟಿದ್ದು ಕಣೋ. ನಾನೇ! ಆ ಹುಡುಗಿ ನೀನು ಸೈಕಲ್ಲೆಲ್ಲ ಒಡೆದು ಹಾಕೋ ಹೊತ್ತಲ್ಲೂ ನನ್ನ ಮಾತು ಉಳಿಸಿದಾಳೆ. ನೀನು ಏನು ಉಳಿಸಿದೆಯೋ?"

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ. ತ್ರಿವಿಕ್ರಮನಿಗೆ ತಾಯಿಯ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟೂ ಮುಖ ಉಳಿದಿರಲಿಲ್ಲ. ವಿಡಿಯೋ ಅಳಿಸಿದ. ಊರೆಲ್ಲ ಹಂಚಿ ಹೋದದ್ದನ್ನು ಎಲ್ಲಿಂದ ಅಳಿಸುವುದು? ಸಿಕ್ಕಿದ ಬಸ್ಸು ಹತ್ತಿದ.

ಅವನು ವಿನೋಬನಗರ ಮುಟ್ಟುವ ಹೊತ್ತಿಗೆ ಆ ಅಂಗಳದಲ್ಲಿ ಮೂವರು ಗಂಡಸರಿದ್ದರು. ಎಲ್ಲೋ ಸೈಕಲ್ ಕಳಕೊಂಡವರು. ಹಾಡಹಗಲು, ಅಕ್ಕಪಕ್ಕದವರು ಕಾಂಪೌಂಡಿನ ಮೇಲಿಂದ ನೋಡುತ್ತಿದ್ದಾರೆ, ಒಬ್ಬರೂ ಇಳಿದು ಬರುತ್ತಿಲ್ಲ. ಒಬ್ಬ ಶಾಂಭವಿಯ ಜಡೆ ಹಿಡಿದಿದ್ದ. ಅವಳ ತುಟಿ ಒಡೆದಿತ್ತು. ಇನ್ನೊಬ್ಬ ರಾಡು ಎತ್ತಿದ್ದ.

"ನಮ್ಮ ಸೈಕಲ್ ಎಲ್ಲಿ ಬಿಚ್ಚಿ ಹಾಕಿದೀಯ, ಹೇಳೇ."

ರಾಡು ಇಳಿಯಿತು. ಶಾಂಭವಿ ಕಣ್ಣು ಮುಚ್ಚಿದಳು.

ಮೂಳೆ ಮುರಿದ ಸದ್ದು ಕೇಳಿಸಿತು. ನೋವು ಮಾತ್ರ ಬರಲಿಲ್ಲ. ಕಣ್ಣು ಬಿಟ್ಟರೆ ಅವಳ ತಲೆಗೆ ಅಡ್ಡವಾಗಿ ಇನ್ಯಾರದೋ ಕೈ. ಆ ಕೈಯವನ ಹುಬ್ಬಿನ ಮೇಲೆ ಅವಳೇ ಮಾಡಿದ ಗಾಯ.

"ವಿಡಿಯೋ ಹಾಕಿದೋನು ನಾನು" ಎಂದ ತ್ರಿವಿಕ್ರಮ. "ಸುಳ್ಳು ಅದು. ಆ ಸೈಕಲ್ ನಮ್ಮಮ್ಮನೇ ಮಾರಿದ್ದು. ಹೊಡೀಬೇಕು ಅಂದ್ರೆ ನನ್ನ ಹೊಡೀರಿ."

ಹೊಡೆದರು. ಜನರಿಗೆ ಸಿಟ್ಟು ತೀರಿಸಿಕೊಳ್ಳಲು ಒಂದು ಮೈ ಬೇಕು, ಯಾರದ್ದಾದರೇನು? ಬೂಟುಗಾಲು ಪಕ್ಕೆಗೆ ಬಿತ್ತು, ರಾಡು ಬೆನ್ನಿಗೆ. ಅವನು ಒಮ್ಮೆಯೂ ತಿರುಗಿ ಕೈ ಎತ್ತಲಿಲ್ಲ. ಕೊನೆಗೆ ಶಾಂಭವಿಯೇ ಸೈಕಲ್ ಚೈನು ಕೈಗೆ ಸುತ್ತಿಕೊಂಡು ಬೀಸಿದಳು. ಒಬ್ಬನ ಭುಜ ಸೀಳಿತು. ಮೂವರೂ ಬೈಯುತ್ತ ಗೇಟಿನಾಚೆ ಓಡಿದರು.

"ಯಾಕೆ ಬಂದ್ರಿ?" ಎಂದಳು ಏದುಸಿರಲ್ಲಿ.

"ಕ್ಷಮೆ ಕೇಳೋಕೆ."

"ಇಲ್ಲ. ಕ್ಷಮಿಸಲ್ಲ."

"ಗೊತ್ತು" ಎಂದು ಹೇಳಿ ಅವನು ಮಣ್ಣಿನ ಮೇಲೆ ಕುಸಿದ.

ಆಸ್ಪತ್ರೆಯ ಮಂಚದಿಂದಲೇ, ಊದಿದ ಮುಖದಲ್ಲಿ, ಅವನು ಇನ್ನೊಂದು ವಿಡಿಯೋ ಮಾಡಿದ. ತಾನು ಮಾಡಿದ್ದು ತಪ್ಪೆಂದು ಹೆಸರು ಹೇಳಿ ಒಪ್ಪಿಕೊಂಡ. ಸುಳ್ಳು ಓಡಿದಷ್ಟು ಜೋರಾಗಿ ನಿಜ ಓಡಲಿಲ್ಲ, ಆದರೂ ನಿಧಾನಕ್ಕೆ ಗಿರಾಕಿಗಳು ಬಂದರು.

ಅವನೂ ಬಂದ. ಪ್ರತಿ ಭಾನುವಾರ. ಒಂದು ಕೈಗೆ ಪ್ಲಾಸ್ಟರ್, ಇನ್ನೊಂದು ಕೈಯಲ್ಲಿ ಕೆಲಸ. ತಾನು ಮುರಿದ ಚಕ್ರಗಳಿಗೆ ಒಂದೊಂದೇ ಕಡ್ಡಿ ಕೂರಿಸಿದ. ಶಂಕರಮ್ಮ ಗೊಣಗುತ್ತಲೇ ಹೊರಗೆ ಜಗಲಿಯ ಮೇಲೆ ಊಟ ಇಡುತ್ತಿದ್ದರು. ಪ್ಲಾಸ್ಟರ್ ಬಿಚ್ಚಿದ್ದಾಯಿತು. ಮುರಿದದ್ದೆಲ್ಲ ರಿಪೇರಿಯಾಯಿತು. ಸಮತಾಳ ಕೆಂಪು ಸೈಕಲ್ಲನ್ನು ಅವಳು ಮಾರಲಿಲ್ಲ, ಅವನು ವಾಪಸ್ ಕೇಳಲಿಲ್ಲ. ಅವನು ಬರುವುದು ಮಾತ್ರ ನಿಲ್ಲಲಿಲ್ಲ.

ಒಂದು ಭಾನುವಾರ ಬೆವರು ಒರೆಸಿಕೊಳ್ಳಲು ಅವನು ಕೈ ಎತ್ತಿದ. ಪಕ್ಕದಲ್ಲಿದ್ದ ಶಾಂಭವಿ ಥಟ್ಟನೆ ಹಿಂದೆ ಸರಿದಳು.

ಅವನಿಗೆ ಅರ್ಥವಾಯಿತು. ಮುಖ ಬಿಳಿಚಿತು. ಎತ್ತಿದ ಕೈಯನ್ನು ನಿಧಾನವಾಗಿ ತೊಡೆಯ ಮೇಲಿಟ್ಟುಕೊಂಡ.

"ನಾನು ಇನ್ನು ಬರಲ್ಲ" ಎಂದ.

"ನಿಮ್ಮನ್ನ ಬರಬೇಡಿ ಅಂದೋರು ಯಾರು?"

"ನಿಮಗೆ ಭಯ ಇದೆ."

"ಇದೆ" ಎಂದಳು ಶಾಂಭವಿ. "ನಿಮ್ಮ ಕೈ ಮೇಲೆದ್ರೆ ಸಾಕು, ಮೈಯೆಲ್ಲ ನಡುಗುತ್ತೆ. ಆದರೆ ಹೋದ ಭಾನುವಾರ ನೀವು ಬರೋದು ತಡ ಆದಾಗ... ನನಗೆ ಒಂದು ತುತ್ತು ಗಂಟಲಲ್ಲಿ ಇಳೀಲಿಲ್ಲ. ಎರಡೂ ನಿಜ. ಎರಡನ್ನೂ ಇಟ್ಕೊಂಡು ನಾನೇನು ಮಾಡಲಿ, ನೀವೇ ಹೇಳಿ."

ತ್ರಿವಿಕ್ರಮನ ಕಣ್ಣು ತುಂಬಿತು.

"ನಿಮ್ಮನ್ನ ಪ್ರೀತಿ ಮಾಡ್ತೀನಿ ಅನ್ನೋಕೂ ನನಗೆ ಯೋಗ್ಯತೆ ಇಲ್ಲ ಶಾಂಭವಿ. ಆದರೂ ಮಾಡ್ತೀನಿ. ಆ ಭಯ ಹೋಗೋ ತನಕ ಜಗಲಿ ಮೇಲೇ ಕೂತಿರ್ತೀನಿ."

"ಹೋಗದೇ ಇದ್ರೆ?"

"ಇಲ್ಲೇ ಮುದುಕ ಆಗ್ತೀನಿ."

ಅವಳಿಗೆ ನಗು ಬಂತು, ಜೊತೆಗೇ ಅಳುವೂ. ಅವಳು ಅವನೆದುರು ಕೂತು, ತೊಡೆಯ ಮೇಲಿದ್ದ ಆ ಕೈಯನ್ನು ತಾನಾಗಿಯೇ ಎತ್ತಿ ತನ್ನ ಕೆನ್ನೆಗೆ ಇಟ್ಟುಕೊಂಡಳು. ಅವಳು ನಡುಗಿದಳು. ಅವನೂ ನಡುಗಿದ. ಇಬ್ಬರೂ ಸರಿಯಲಿಲ್ಲ.

"ತೆಗೀಲಾ ಕೈನ?" ಎಂದ ಮೆಲ್ಲಗೆ.

"ಬೇಡ. ಅಭ್ಯಾಸ ಆಗ್ಲಿ."

"ಗ್ರೀಸ್ ಆಗಿದೆ..."

"ಆಗ್ಲಿ ಬಿಡಿ. ಆಮೇಲೆ ಇಬ್ರೂ ಒಟ್ಟಿಗೇ ತೊಳ್ಕೊಂಡು, ಒಳಗೆ ಊಟಕ್ಕೆ ಕೂರೋಣ."