ಕಸುವುಗೋಲಿಗೆ ಚರಗ

ಮಣ್ಣಿನ ವಿಜ್ಞಾನವನ್ನು ಪೂರ್ತಿ ಬಲ್ಲವರು ಹೇಳಬೇಕಾಗಿದ್ದ ಕಥೆ ಇದು. ಅವರಾರೂ ಹೇಳದೆ ಉಳಿದದ್ದರಿಂದ ಇಲ್ಲಿ ಆ ಧೈರ್ಯ ಮಾಡಲಾಗಿದೆ. ತಪ್ಪು ಕಂಡರೆ ಓದುವವರು ಮನ್ನಿಸಬೇಕು.

ಕಸ್ತೂರೆವ್ವನ ನಾಲ್ಕು ಎಕರೆ ಎರೆಹೊಲದ ನಡುವೆ ಆಳೆತ್ತರದ ಉಕ್ಕಿನ ಕೋಲೊಂದು ನಿಂತಿತ್ತು. ಗಂಟೆಗೊಮ್ಮೆ ಅದು ಸುಯ್ ಎಂದು ಮಣ್ಣಿನ ಉಸಿರನ್ನು ಎಳೆದುಕೊಳ್ಳುತ್ತಿತ್ತು. ಅದರ ಬುಡದ ಸೂಜಿಗಳು ತೇವವನ್ನೂ ಸಾರವನ್ನೂ ಸೂಕ್ಷ್ಮಜೀವಿಗಳ ಚಟುವಟಿಕೆಯನ್ನೂ ಅಳೆಯುತ್ತಿದ್ದವು. ಆ ಹೊಲ ಎಕರೆಗೆ ಎಷ್ಟು ಕ್ವಿಂಟಲ್ ಜೋಳ ಕೊಡಬಲ್ಲದು ಎಂಬುದು ತುದಿಯ ಫಲಕದಲ್ಲಿ ಮೂಡುತ್ತಿತ್ತು. ಸರಕಾರದ ಕಾಗದಗಳಲ್ಲಿ ಅದರ ಹೆಸರು ಕಸುವುಗೋಲು. ನಗರಗಳಲ್ಲಿ ಹಸಿವಿನ ಗಲಭೆಗಳಾದ ಮೇಲೆ ಅನ್ನಋಣ ಕಾಯಿದೆ ಬಂದಿತ್ತು. ಕೋಲು ತೋರಿಸಿದಷ್ಟನ್ನು ಬೆಳೆದು, ಗೊತ್ತುಪಡಿಸಿದ ಅಗ್ಗದ ದರಕ್ಕೆ ಕೊಡುವುದು ರೈತನ ಕರ್ತವ್ಯ. ಕೊಡದವನ ಹೊಲ ಯಂತ್ರಸಾಗುವಳಿ ಮಂಡಳಿಗೆ. ಪಕ್ಕದ ಬಸಲಿಂಗಪ್ಪನ ಹೊಲ ಹಾಗೆಯೇ ಹೋಗಿತ್ತು. ಈಗ ಅಲ್ಲಿ ಮನುಷ್ಯರ ದನಿಯೇ ಕೇಳುತ್ತಿರಲಿಲ್ಲ.

ಕಸ್ತೂರೆವ್ವನ ಕೋಲು ಆರು ತೋರಿಸುತ್ತಿತ್ತು. ಆರನ್ನು ಆಕೆ ಹೇಗೋ ಕೊಟ್ಟು ಪಾರಾಗುತ್ತಿದ್ದಳು. ಆದರೂ ಪ್ರತಿ ಸಲ ಸುಯ್ ಎಂದಾಗ ಎದೆ ಝಲ್ಲೆನ್ನುತ್ತಿತ್ತು.

ಎಳ್ಳಮಾವಾಸ್ಯೆಯ ದಿನ ಊರವರೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿದರು. ಭೂಮಿತಾಯಿಗೆ ಮೊದಲು ಉಣಿಸಿ ಆಮೇಲೆ ತಾವುಣ್ಣುವುದು ಅಲ್ಲಿಯ ಪದ್ಧತಿ. ಕಸ್ತೂರೆವ್ವ ಕಡಬು, ಸಜ್ಜಿ ರೊಟ್ಟಿ, ಪುಂಡಿಪಲ್ಯ ಎಲ್ಲವನ್ನೂ ಬೆಳೆಯ ನಡುವೆ ಎರಚಿ, ಒಂದು ಬುಟ್ಟಿಯನ್ನು ಕೋಲಿನ ಬುಡಕ್ಕೇ ಸುರಿದಳು.

"ನೀನೂ ನಮ್ಮ ಹೊಲದಾಗ ನಿಂತೀದಿ. ಉಣ್ಣು. ನಮ್ಮ ಮ್ಯಾಲೆ ಸಿಟ್ಟಾಗಬ್ಯಾಡ."

ಹೆದರಿದ್ದ ಇಡೀ ಊರೇ ತಂತಮ್ಮ ಹೊಲದ ಕೋಲುಗಳಿಗೆ ಹಾಗೆ ಮಾಡಿತ್ತು. ನಾಲ್ಕನೆಯ ದಿನ ಊರಿನ ಫಲಕಗಳೆಲ್ಲ ಹತ್ತೊಂಬತ್ತು ತೋರಿಸಿದವು. ಸುಗ್ಗಿಯ ರಾಶಿಗೆ ಎರಡೇ ತಿಂಗಳು ಉಳಿದಿತ್ತು; ಅಷ್ಟನ್ನು ಕೊಡುವುದು ಯಾರಿಂದಲೂ ಆಗುವಂತಿರಲಿಲ್ಲ.

ಪರೀಕ್ಷೆಗೆ ಬಂದ ವಿಜ್ಞಾನಿ ರಿಯಾಜ್ ನದಾಫ ಬುಡದ ಮಣ್ಣನ್ನು ಮೂಸಿ ನೋಡಿದರು.

"ಅವ್ವಾರ, ಕೋಲಿಗೆ ಕಡಬು ಉಣಿಸೀರೇನು?"

"ಬರೇ ಕಡಬಲ್ಲರೀ ಸಾಹೇಬ್ರ, ಮ್ಯಾಲೆ ತುಪ್ಪಾನೂ ಬಿಟ್ಟೀನಿ."

ನದಾಫರಿಗೆ ನಗು ಬಂತು. ಮರುಕ್ಷಣ ಫಲಕದ ಅಂಕಿ ನೋಡಿ ನಗು ನಿಲ್ಲಿಸಿದರು. ಅನ್ನ ಕೊಳೆತು ಸೂಕ್ಷ್ಮಜೀವಿಗಳು ಮುತ್ತಿದ್ದವು. ಗೇಣು ಜಾಗದ ಹುರುಪನ್ನು ಕೋಲು ಇಡೀ ಹೊಲದ ಕಸುವೆಂದು ಓದಿಕೊಂಡಿತ್ತು. ಅದನ್ನು ಕಸ್ತೂರೆವ್ವನಿಗೂ ತಿಳಿಸಿ ಹೇಳಿದರು.

"ಹಂಗಾರ ತಿದ್ದಿ ಬಿಡ್ರಿ."

"ಏರಸಾಕ ಬರ್ತದ, ಇಳಸಾಕ ಬರಂಗಿಲ್ಲರೀ. ರೈತರು ಕಸುವು ಮುಚ್ಚಿಡ್ತಾರಂತ ಹಂಗ ಮಾಡ್ಯಾರ."

"ಯಾರು ಮಾಡಿದವರು?"

"ಅದರಾಗ ನಾನೂ ಒಬ್ಬ," ಎಂದು ನದಾಫರು ನೆಲ ನೋಡಿದರು. "ನಮ್ಮವ್ವ ಹುಬ್ಬಳ್ಳ್ಯಾಗ ಮಿಲ್ಲಿನಾಗ ದುಡದಾಕಿ. ಜೋಳ ತುಟ್ಟಿ ಆದ ವರ್ಷ ನಮಗ ನೀರು ಕುಡಿಸಿ ಮಲಗಸ್ತಿದ್ಲು. ಅಗ್ಗದ ಜೋಳ ಯಾರರ ಬೆಳೀಬೇಕಲ್ಲರೀ?"

"ಹಸದವರಿಗೆ ಕೊಡಂಗಿಲ್ಲ ಅಂತ ನಾ ಯಾವಾಗ ಅಂದೆ? ಕೇಳಿ ಇಸಗೋರಿ. ಹೆದರಿಸಿ ಯಾಕ ಇಸಗೋತೀರಿ? ಎಲ್ಲಾರೂ ಉಣ್ಣಬೇಕು, ಖರೆ. ಭಾರ ಅಷ್ಟೂ ನನ್ನ ಬೆನ್ನಿಗೇ ಯಾಕ?"

ನದಾಫರು ಅಲ್ಲೇ ಬದುವಿನ ಮೇಲೆ ಕುಳಿತರು. ನಡೆದದ್ದನ್ನು ನಡೆದಂತೆ ವರದಿ ಬರೆದರು: ಬುಡಕ್ಕೆ ಆಹಾರ ಸುರಿದದ್ದರಿಂದ ಅಂಕಿ ಏರಿದೆ, ಇದು ಹುಸಿ ಅಂಕಿ.

ವರದಿಯನ್ನು ಓದಿದ್ದು ರಾಜಧಾನಿಯ ಗಣಕ. ಅಂಕಿ ಏರಿಸುವ ದಾರಿ ಅದಕ್ಕೆ ಸಿಕ್ಕಿತು. 'ಹುಸಿ' ಎಂಬುದನ್ನು ತುಂಬಿಸಲು ಅದರ ನಮೂನೆಯಲ್ಲಿ ಜಾಗವಿರಲಿಲ್ಲ. ಹತ್ತು ದಿನಕ್ಕೆ ಆಜ್ಞೆ ಬಂತು: ಸರಕಾರ ಕಳಿಸುವ ಜೋಳವನ್ನು ಪ್ರತಿ ಕೋಲಿನ ಬುಡಕ್ಕೂ ಹತ್ತು ಚೀಲ ಸುರಿಯಬೇಕು. ಸುರಿದವರಿಗೆ ಈ ವರ್ಷ ಜೋಳ ಕೊಡುವುದರಿಂದ ವಿನಾಯಿತಿ, ಸುರಿಯದವರ ಹೊಲ ಮಂಡಳಿಗೆ.

ಲಾರಿ ಬಂತು. ಚಾಲಕ ಪರಸಪ್ಪ ಹಗ್ಗ ಬಿಚ್ಚತೊಡಗಿದ.

"ಎಲ್ಲಿ ಸುರೀಲಿ ಬೇ ಯವ್ವಾ?"

"ಎಲ್ಲೀ ಜೋಳ ಇದು?"

"ಹುಬ್ಬಳ್ಳಿ ರೇಷನ್ ಅಂಗಡಿಗೆ ಹೋಗೂದು. ಅಲ್ಲಿ ಮಂದಿ ಪಾಳಿ ಹಚ್ಚಿ ನಿಂತಾರ. ನನಗ ಇಲ್ಲಿ ಸುರಿ ಅಂದಾರ."

ಆಚೆ ಹೊಲಗಳಲ್ಲಿ ಚೀಲಗಳು ಬರಿದಾಗುತ್ತಿದ್ದವು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕಸ್ತೂರೆವ್ವ ಚೀಲದೊಳಗೆ ಕೈಯಿಟ್ಟಳು. ಮುತ್ತಿನಂಥ ಕಾಳು.

"ಲಾರಿ ಹೊಳ್ಳಸಪ್ಪಾ. ಹುಬ್ಬಳ್ಳಿಗೇ ಒಯ್ಯಿ."

"ಹುಚ್ಚು ಹಿಡದೈತೇನ್ ಬೇ? ಹೊಲ ಮಂಡಳಿ ಪಾಲಾಗತೈತಿ!"

"ಗೊತ್ತೈತಿ. ನನ್ನ ಮನಸು ಗಟ್ಟಿ ಇರೂದ್ರಾಗ ನಡಿ."

ಅಂದು ಸಂಜೆಯೇ ಮಂಡಳಿಯ ಯಂತ್ರವೊಂದು ಬದುವಿನ ಮೇಲೆ ಬಂದು ನಿಂತಿತು. ಒಳಗೆ ಇಳಿಯಲಿಲ್ಲ. ಕಸ್ತೂರೆವ್ವ ಅದಕ್ಕೆ ಬೆನ್ನು ತಿರುಗಿಸಲು ಹೆದರಿ, ಹಾಲುಗಾಳಿನ ತೆನೆಯೊಂದನ್ನು ಹಿಡಿದುಕೊಂಡು ನಿಂತೇ ಇದ್ದಳು. ಆ ಯಂತ್ರ ಯಾರ ಅಪ್ಪಣೆಗೆ ಕಾಯುತ್ತಿತ್ತೋ ತಿಳಿಯದು. ಆ ಕರಿಮಣ್ಣು ನಿಜವಾಗಿ ಎಷ್ಟು ಕೊಡಬಲ್ಲದು ಎಂಬುದೂ ಈವರೆಗೆ ಯಾರಿಗೂ ತಿಳಿದಿಲ್ಲ.